ಮೊದಲ ದಿನದ ಹನ್ನೆರಡು ಕುಚ್ಚು

ಹಾಸನದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಸೀರೆ ಕುಚ್ಚು ಕಟ್ಟುವುದನ್ನು ಹೇಳಿಕೊಡುತ್ತೇನೆ. ಹೊಸ ಬ್ಯಾಚ್ ಶುರುವಾಗುವುದು ಆಷಾಢದಲ್ಲಿ. ಆ ತಿಂಗಳು ಮದುವೆ ಇಲ್ಲ. ನನಗೂ ಆರ್ಡರ್ ಕಡಿಮೆ, ಕಲಿಯುವವರಿಗೂ ನೆಂಟರ ಮನೆಯ ಓಡಾಟ ಕಡಿಮೆ. ಶ್ರಾವಣದ ಹೊತ್ತಿಗೆ ಕೈ ಕುದುರಿದರೆ ವರಮಹಾಲಕ್ಷ್ಮಿ ಹಬ್ಬದ ಸೀರೆಗಳಲ್ಲೇ ನಾಲ್ಕು ಕಾಸು ಸಂಪಾದಿಸಬಹುದು.

ಬ್ಯಾಚಿಗೆ ಹತ್ತು ಹನ್ನೆರಡು ಜನ. ಪಿಯುಸಿ ಓದುವ ಹುಡುಗಿಯ ಪಕ್ಕದಲ್ಲಿ ಅರವತ್ತು ದಾಟಿದ ಅಜ್ಜಿ. ಹೊಲಿಗೆ ಮಷಿನ್ ಮೇಲೆ ಹತ್ತು ವರ್ಷ ಕೂತವರ ಎದುರಿಗೆ ಸೂಜಿಯನ್ನೇ ಹಿಡಿಯದವರು. ಎಲ್ಲರಿಗೂ ಒಂದೇ ಪಾಠ ಮಾಡಿದರೆ ಅರ್ಧ ಜನ ಸುಮ್ನೆ ಕಾಯುತ್ತಾರೆ, ಇನ್ನರ್ಧ ಜನಕ್ಕೆ ಅಳು ಬರುತ್ತದೆ. ಯಾರಿಗೆ ಯಾವ ಕೆಲಸ ಕೊಡಬೇಕು ಅನ್ನುವುದು ನನಗೆ ಅರ್ಥವಾಗಲು ನಾಲ್ಕೈದು ಬ್ಯಾಚ್ ಬೇಕಾಯಿತು.

ಮೊದಲು ನಾನು ಹೆಸರು ಬರೆಸಿಕೊಳ್ಳುವಾಗಲೇ ಕೇಳುತ್ತಿದ್ದೆ. "ಮೊದಲು ಕುಚ್ಚು ಕಟ್ಟಿದ್ದೀರಾ?" ಹೌದು ಅಂದವರನ್ನು ಅಡ್ವಾನ್ಸ್ ಅಂತಲೂ ಇಲ್ಲ ಅಂದವರನ್ನು ಬೇಸಿಕ್ ಅಂತಲೂ ಕೂರಿಸುತ್ತಿದ್ದೆ. ಇದೇ ನನ್ನ ದೊಡ್ಡ ತಪ್ಪು.

ಒಂದು ಬ್ಯಾಚಿಗೆ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಕ್ಕ ಒಬ್ಬರು ಬಂದರು. "ಇಲ್ಲ ಕಣಕ್ಕ, ನಂಗೇನೂ ಬರಲ್ಲ" ಅಂದರು. ಬೇಸಿಕ್‌ನಲ್ಲಿ ಕೂರಿಸಿದೆ. ಯೂಟ್ಯೂಬ್ ನೋಡಿ ಕಲಿತಿದ್ದ ಕಾಲೇಜು ಹುಡುಗಿಯೊಬ್ಬಳು ಡಿಸೈನ್‌ಗಳ ಹೆಸರನ್ನೆಲ್ಲ ಪಟಪಟ ಹೇಳಿದಳು. ಅವಳು ಅಡ್ವಾನ್ಸ್. ಎರಡನೇ ದಿನಕ್ಕೆ ಹೂವಿನ ಅಕ್ಕನ ಗಂಟು ನೋಡಿ ನಾನು ನಿಂತೇಬಿಟ್ಟೆ. ಬಾಳೆ ನಾರಿನಲ್ಲಿ ಮಲ್ಲಿಗೆ ಕಟ್ಟುವಾಗ ಹೂವಿನ ತೊಟ್ಟು ತುಂಡಾಗಬಾರದು, ಹೂ ಉದುರಲೂಬಾರದು. ಎಷ್ಟು ಬಿಗಿ ಸಾಕು ಅನ್ನುವುದು ಆ ಬೆರಳಿಗೆ ಇಪ್ಪತ್ತು ವರ್ಷದಿಂದ ಗೊತ್ತಿದೆ. ರೇಷ್ಮೆ ದಾರದ ಮೇಲೆ ಜರಿ ಸುತ್ತಿ ಗಂಟು ಹಾಕುವುದಕ್ಕೂ ಬೇಕಾದದ್ದು ಅದೇ. "ಇದು ನಮ್ಮ ಹೂವಿನ ಗಂಟೇ ಅಲ್ವಾ ಅಕ್ಕ?" ಅಂತ ಅವರೇ ಕೇಳಿದರು. ಆ ಹುಡುಗಿಗೆ ಡಿಸೈನ್ ಗೊತ್ತಿತ್ತು, ಅವಳ ಗಂಟು ಮಾತ್ರ ಒಂದು ಸಲ ಎಳೆದರೆ ಜಾರುತ್ತಿತ್ತು.

ಅದೇ ಬ್ಯಾಚಿನಲ್ಲಿ ಇನ್ನೊಂದು ಆಯಿತು. ಅಡ್ವಾನ್ಸ್ ಗುಂಪಿನ ಒಬ್ಬರು ತಮ್ಮ ತಾಯಿಯ ಮೈಸೂರು ರೇಷ್ಮೆ ಸೀರೆ ತಂದರು. ಕಟ್ಟುತ್ತೇನೆ ಅಂದರು, ನಾನೂ ಸರಿ ಅಂದೆ. ಮೈಸೂರು ರೇಷ್ಮೆ ಕ್ರೇಪ್ ಬಟ್ಟೆ. ಎಳೆಯನ್ನು ಚೆನ್ನಾಗಿ ತಿರುಚಿ ನೇಯ್ದಿರುತ್ತಾರೆ. ಮೃದು, ಕೈಯಿಂದ ಜಾರುತ್ತದೆ. ದಪ್ಪ ಸೂಜಿ ಚುಚ್ಚಿ ಎಳೆದರೆ ನೇಯ್ಗೆಯ ಎಳೆಯೇ ಎದ್ದುಬಿಡುತ್ತದೆ. ಹಾಗೇ ಆಯಿತು. ಸೆರಗಿನ ಅಂಚಿನಿಂದ ಒಂದು ಗೇಣು ಒಳಗೆ ಗೆರೆ ಎದ್ದಿತು. ಅವರು ಏನೂ ಅನ್ನಲಿಲ್ಲ, ಸೀರೆ ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಆ ಸೀರೆಯನ್ನು ಅವರ ಕೈಗೆ ಬಿಟ್ಟವಳು ನಾನು. ಆವತ್ತಿನಿಂದ ಮಾತು ಕೇಳಿ ಯಾರನ್ನೂ ಎಲ್ಲೂ ಕೂರಿಸಿಲ್ಲ. ಕೈ ನೋಡಿಯೇ ಕೂರಿಸುತ್ತೇನೆ.

ಈಗ ಮಾಡುವುದು ಹೀಗೆ. ಮೊದಲ ದಿನ ಎಲ್ಲರಿಗೂ ಆರು ಇಂಚು ಉದ್ದದ ಕಾಟನ್ ಬಟ್ಟೆಯ ಪಟ್ಟಿ ಕೊಡುತ್ತೇನೆ. ಅಂಚು ಮಡಚಿ ಹೊಲಿದಿರುತ್ತೇನೆ. ಅರ್ಧ ಇಂಚಿಗೆ ಒಂದರಂತೆ 12 ಗುರುತು. ಒಂದು ಕುಚ್ಚು ನಾನು ಕಟ್ಟಿ ತೋರಿಸುತ್ತೇನೆ: 20 ಎಳೆ ದಾರ ತೆಗೆದುಕೊಂಡು ಅಂಚಿನಲ್ಲಿ ತೂರಿಸಿ, ಎರಡಾಗಿ ಮಡಚಿ, ಕತ್ತಿನ ಹತ್ತಿರ ಜರಿ ಸುತ್ತಿ, ಗಂಟು ಹಾಕಿ, ತುದಿ ಕತ್ತರಿಸುವುದು. ಆಮೇಲೆ ಮಾತಾಡುವುದಿಲ್ಲ. ಹೊಗಳುವುದೂ ಇಲ್ಲ, ತಿದ್ದುವುದೂ ಇಲ್ಲ. ಒಂದು ಗಂಟೆ ಸುತ್ತಾಡುತ್ತಾ ನೋಡುತ್ತೇನೆ.

12 ಯಾಕೆ ಅಂದರೆ, ಮೊದಲ ನಾಲ್ಕು ಭಯದಲ್ಲಿ ಕಟ್ಟಿದ್ದು. ಅದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಡುವಿನ ನಾಲ್ಕು ಅವರ ನಿಜವಾದ ಕೈ. ಕೊನೆಯ ನಾಲ್ಕು ಬೇಸರ ಬಂದಾಗಿನ ಕೈ. ಈ ಕೊನೆಯ ನಾಲ್ಕನ್ನು ನಾನು ಜಾಸ್ತಿ ನೋಡುತ್ತೇನೆ. ಸೆರಗು ಸುಮಾರು 45 ಇಂಚು ಇರುತ್ತದೆ. ಅರ್ಧ ಇಂಚಿಗೊಂದು ಅಂದರೆ ಒಂದು ಸೀರೆಗೆ 90 ಕುಚ್ಚು. ಹತ್ತನೆಯದಕ್ಕೇ ಸಡಿಲವಾಗುವ ಕೈಗೆ ಇಡೀ ಸೀರೆ ಕೊಟ್ಟರೆ ಅವರಿಗೂ ಕಷ್ಟ, ಸೀರೆಗೂ ಕಷ್ಟ.

ಪಟ್ಟಿ ಕೈಗೆ ಬಂದಾಗ ಚೆಂದ ನೋಡುವುದಿಲ್ಲ. ಪ್ರತಿ ಕುಚ್ಚನ್ನೂ ಮೂರು ಸಲ ಎಳೆದು ನೋಡುತ್ತೇನೆ, ಗಂಟು ಜಾರಿತಾ ಅಂತ. ಕತ್ತು ಎಲ್ಲದರಲ್ಲೂ ಒಂದೇ ಎತ್ತರದಲ್ಲಿ ಇದೆಯಾ ನೋಡುತ್ತೇನೆ. ಉದ್ದ ಹೆಚ್ಚುಕಮ್ಮಿ ಆಗಿದ್ದರೆ ಚಿಂತೆಯಿಲ್ಲ, ಅದು ಕತ್ತರಿಯ ಕೆಲಸ, ಒಂದು ದಿನದಲ್ಲಿ ಬರುತ್ತದೆ. ಗಂಟಿನ ಬಿಗಿ ಹಾಗಲ್ಲ, ಅದಕ್ಕೆ ವಾರಗಟ್ಟಲೆ ಬೇಕು. ಇನ್ನೊಂದು, ಕಟ್ಟುವಾಗ ಕೈ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೋಡುತ್ತೇನೆ. ಕೆಲವರು ದಾರ ಎಣಿಸುವಾಗ ನಿಲ್ಲುತ್ತಾರೆ, ಕೆಲವರು ಸೂಜಿ ಚುಚ್ಚುವಾಗ, ಕೆಲವರು ಗಂಟು ಎಳೆಯುವಾಗ. ಅವರ ಪಾಠ ಶುರುವಾಗಬೇಕಾದದ್ದು ಅಲ್ಲಿಂದ.

ಆಮೇಲೆ ಮೇಜು. ಮೂರು ಮೇಜು ಇಟ್ಟಿದ್ದೇನೆ: ಗಂಟಿನ ಮೇಜು, ಮಣಿಯ ಮೇಜು, ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆಯುವ ಕ್ರೋಶಾ ಮೇಜು. ಬೇಸಿಕ್, ಅಡ್ವಾನ್ಸ್ ಅನ್ನುವ ಮಾತೇ ನಮ್ಮ ಮಹಡಿಯಲ್ಲಿ ಈಗ ಇಲ್ಲ. ಆ ಮಾತು ಕೇಳಿಯೇ ಒಬ್ಬರು ಬರುವುದು ನಿಲ್ಲಿಸಿದ್ದರು. ಸೊಸೆ ಅಡ್ವಾನ್ಸ್, ಅತ್ತೆ ಬೇಸಿಕ್. ಮನೆಗೆ ಹೋದ ಮೇಲೆ ಏನಾಗಿರಬಹುದು ಅಂತ ನೀವೇ ಊಹಿಸಿ. ಮೇಜಿಗೆ ಕೆಲಸದ ಹೆಸರು ಇಟ್ಟ ಮೇಲೆ ಯಾರಿಗೂ ನಾಚಿಕೆ ಇಲ್ಲ. ಬೆಳಿಗ್ಗೆ ಮಣಿಯ ಮೇಜಿನಲ್ಲಿ ಕೂತವರು ಮಧ್ಯಾಹ್ನ ಗಂಟಿನ ಮೇಜಿಗೆ ಬಂದು ಕೈ ಸರಿಮಾಡಿಕೊಂಡು ಹೋಗುತ್ತಾರೆ.

ಒಂದು ವಿಷಯ ನಾನು ತುಂಬಾ ತಡವಾಗಿ ಕಲಿತೆ. ಸುಲಭ, ಕಷ್ಟ ಅನ್ನುವ ಸಾಲು ಎಲ್ಲರಿಗೂ ಒಂದೇ ಅಲ್ಲ. ನಾವೆಲ್ಲ ಸೂಜಿ ಕುಚ್ಚು ಮೊದಲು, ಕ್ರೋಶಾ ಕೊನೆಗೆ ಅಂತ ಹೇಳಿಕೊಡುತ್ತೇವೆ. ಒಬ್ಬ ಅಜ್ಜಿಗೆ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ದಾರ ಪೋಣಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಪಾಪ, "ನನ್ನ ಕೈಲಿ ಆಗಲ್ಲ ಬಿಡಮ್ಮ" ಅಂದರು. ಅವರಿಗೆ ಸ್ವಲ್ಪ ದಪ್ಪ ಕ್ರೋಶಾ ಕಡ್ಡಿ, ದಪ್ಪ ದಾರ ಕೊಟ್ಟೆ. ಕ್ರೋಶಾಕ್ಕೆ ಸೂಜಿಯ ಕಣ್ಣು ಬೇಡ. ಕೊಕ್ಕೆ ಎಲ್ಲಿ ಸಿಕ್ಕಿತು ಅಂತ ಬೆರಳಿಗೇ ಗೊತ್ತಾಗುತ್ತದೆ. ಸೆರಗಿನ ಅಂಚಿಗೆ ಮೊದಲ ಸಾಲನ್ನು ಪಕ್ಕದ ಹುಡುಗಿ ಹಾಕಿಕೊಡುತ್ತಿದ್ದಳು, ಅಲ್ಲಿಂದ ಮುಂದೆ ಅಜ್ಜಿಯದು. ಎಲ್ಲರಿಗೂ ಕೊನೆಯ ಪಾಠ ಆಗಿದ್ದದ್ದು ಅವರಿಗೆ ಮೊದಲ ಪಾಠ ಆಯಿತು. ವರ್ಷಕ್ಕೆ ಎಷ್ಟೋ ಗೆಜ್ಜೆವಸ್ತ್ರ ಮಾಡುವ ಬೆರಳು ಅದು. ಹತ್ತಿಯನ್ನು ಒಂದೇ ಸಮ ಹೊಸೆದು ಅಭ್ಯಾಸ. ಕ್ರೋಶಾದ ಸರಪಳಿಯೂ ಅಷ್ಟೇ ಸಮವಾಗಿ ಬಂತು.

ಇನ್ನೊಬ್ಬರು ದುದ್ದದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಆಲೂಗಡ್ಡೆ ಬೇಸಾಯ. ನಮ್ಮ ಕಡೆ ಆಲೂಗಡ್ಡೆ ಬಿತ್ತುವುದು ಮೇ, ಜೂನ್ ಹೊತ್ತಿಗೆ. ಕ್ಲಾಸ್ ನಡೆಯುವಾಗ ಹೊಲದಲ್ಲಿ ಕಳೆ ತೆಗೆಯುವ, ಬುಡಕ್ಕೆ ಮಣ್ಣು ಏರಿಸುವ ಕೆಲಸ. ಅವರು ಮುಟ್ಟಿದ ರೇಷ್ಮೆ ದಾರವೆಲ್ಲ ಜುಂಗು ಜುಂಗಾಗುತ್ತಿತ್ತು. ಕೈ ಪಳಗಿಲ್ಲ ಅಂದುಕೊಂಡು ಮತ್ತೆ ಮತ್ತೆ ಗಂಟು ಹಾಕಿಸಿದೆ. ಒಂದು ದಿನ ಅವರ ಕೈ ಹಿಡಿದು ತೋರಿಸುವಾಗ ಗೊತ್ತಾಯಿತು. ಬೆರಳ ತುದಿಯ ಚರ್ಮ ಒರಟಾಗಿ ಒಡೆದಿತ್ತು, ರೇಷ್ಮೆ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕಲಿಕೆಯಲ್ಲಿ ಏನೂ ಕೊರತೆ ಇರಲಿಲ್ಲ. ಒಂದು ಚಮಚ ಸಕ್ಕರೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಬೆರಳಿಗೆ ಉಜ್ಜಿಸಿದೆ. ಸೋಪು ಹಾಕಿ ಎಣ್ಣೆ ಪೂರ್ತಿ ಹೋಗುವ ಹಾಗೆ ತೊಳೆದು ಒರೆಸಿಕೊಂಡರು. ಎಣ್ಣೆ ಉಳಿದರೆ ರೇಷ್ಮೆಗೆ ಕಲೆ ಹಿಡಿಯುತ್ತದೆ, ಇದನ್ನು ಮರೆಯಬೇಡಿ. ಕ್ರಮೇಣ ಜುಂಗು ಕಡಿಮೆಯಾಯಿತು. ಈಗ ನಲ್ಲಿಯ ಪಕ್ಕ ಸಕ್ಕರೆ ಡಬ್ಬಿ ಯಾವಾಗಲೂ ಇರುತ್ತದೆ. ಒರಟು ಕೈಯನ್ನು ದಡ್ಡ ಕೈ ಅಂದುಕೊಂಡದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಎಡಗೈಯವರಿಗೆ ಮಾಡುವುದು ಸರಳ. ಪಕ್ಕದಲ್ಲಿ ಕೂರಿಸಿಕೊಳ್ಳದೆ ಎದುರಿಗೆ ಕೂರಿಸಿಕೊಳ್ಳುತ್ತೇನೆ. ಕನ್ನಡಿ ನೋಡಿದ ಹಾಗೆ ನನ್ನ ಕೈ ನೋಡಿ ಮಾಡುತ್ತಾರೆ.

ಕಲಿಯುವವರಿಗೆ ಕಷ್ಟವಾದರೆ ಹೇಳಿಕೊಡುವವರೆಲ್ಲ ಡಿಸೈನ್ ಬದಲಾಯಿಸುತ್ತಾರೆ. ನಾನು ಮೊದಲು ದಾರ ಬದಲಾಯಿಸುತ್ತೇನೆ. ಉಲ್ಲನ್ ದಾರಕ್ಕೆ ಹಿಡಿತ ಇದೆ, ಗಂಟು ಹಾಕಿದ ಕಡೆ ನಿಲ್ಲುತ್ತದೆ. ಕಾಟನ್ ದಾರ ಅದಕ್ಕಿಂತ ಸ್ವಲ್ಪ ಜಾರುತ್ತದೆ. ರೇಷ್ಮೆ ಇನ್ನೂ ಜಾಸ್ತಿ. ಅದೇ ಕುಚ್ಚು, ಅದೇ ಗಂಟು, ದಾರ ಮಾತ್ರ ಬೇರೆ. ಬೇಸಿಗೆ ರಜೆಗೆ ಬರುವ ಹತ್ತು ವರ್ಷದ ಮಕ್ಕಳು ಉಲ್ಲನ್‌ನಲ್ಲಿ ಬೀಗದ ಕೈಗೆ ಕುಚ್ಚು ಕಟ್ಟುತ್ತಾರೆ. ಅವರ ಅಮ್ಮಂದಿರು ರೇಷ್ಮೆಯಲ್ಲಿ ಸೆರಗಿಗೆ ಕಟ್ಟುತ್ತಾರೆ. ಪಾಠ ಒಂದೇ, ಹಾಗಾಗಿ ಇಬ್ಬರಿಗೂ ಒಟ್ಟಿಗೆ ಹೇಳಬಹುದು. ರೇಷ್ಮೆಯಲ್ಲಿ ಗಂಟು ಜಾರುವವರನ್ನು ಕೆಳಗಿನ ಪಾಠಕ್ಕೆ ಇಳಿಸುವ ಬದಲು ಕಾಟನ್ ದಾರ ಕೊಟ್ಟರೆ ಸಾಕು. ಡಿಸೈನ್ ಅವರು ಆಸೆಪಟ್ಟದ್ದೇ ಇರಲಿ. ಆ ಯೂಟ್ಯೂಬ್ ಹುಡುಗಿಗೂ ಹಾಗೇ ಮಾಡಬೇಕಿತ್ತು.

ಬೇಗ ಮುಗಿಸುವವರನ್ನು ಉಳಿದವರಿಗೆ ಹೇಳಿಕೊಡಲು ಬಿಡುತ್ತಿದ್ದೆ. ಅದು ಸರಿಹೋಗಲಿಲ್ಲ. "ಕೊಡು ಇಲ್ಲಿ, ನಾನು ಹಾಕ್ತೀನಿ" ಅಂತ ಕೆಲಸವನ್ನೇ ಕಸಿದುಕೊಂಡು ಕಟ್ಟಿಬಿಡುತ್ತಿದ್ದರು. ಪಟ್ಟಿ ಚೆನ್ನಾಗಿ ಕಾಣುತ್ತಿತ್ತು, ಕಲಿತವರು ಯಾರೂ ಇಲ್ಲ. ಈಗ ಒಂದೇ ನಿಯಮ: ಬೇರೆಯವರ ದಾರ ಮುಟ್ಟಬಾರದು, ಬಾಯಲ್ಲಿ ಮಾತ್ರ ಹೇಳಬೇಕು. ಬಾಯಲ್ಲಿ ಹೇಳಲು ಹೋದಾಗ ತಾವು ಹೇಗೆ ಕಟ್ಟುತ್ತೇವೆ ಅನ್ನುವುದು ಅವರಿಗೇ ತಿಳಿಯುತ್ತದೆ.

ಎಲ್ಲರೂ ಸೇರಿ ಒಂದು ಸೀರೆ ಮುಗಿಸೋಣ ಅಂತಲೂ ಒಮ್ಮೆ ಮಾಡಿದೆ. ಮೂವರ ಗಂಟು ಒಂದೇ ಸೆರಗಿನಲ್ಲಿ ಬಂದರೆ ಮೂರು ಸೀರೆಯ ತುಂಡು ಜೋಡಿಸಿದ ಹಾಗೆ ಕಾಣುತ್ತದೆ. ಬಿಚ್ಚಿ ಮತ್ತೆ ಕಟ್ಟಿದ್ದಾಯಿತು. ಆರ್ಡರ್ ಸೀರೆ ಹಂಚಿಕೊಳ್ಳುವಾಗ ಗಂಟು ಪೂರ್ತಿ ಒಬ್ಬರದೇ. ಒಬ್ಬರು ದಾರ ಎಣಿಸಿ ಕೊಡುತ್ತಾರೆ, ಒಬ್ಬರು ಮಣಿ ಆರಿಸುತ್ತಾರೆ, ಒಬ್ಬರು ಕತ್ತರಿಸುತ್ತಾರೆ. ದುಡ್ಡು ಹಂಚುವುದು ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಅನ್ನುವ ಲೆಕ್ಕದಲ್ಲಿ, ಸೀರೆ ಕೈಗೆತ್ತಿಕೊಳ್ಳುವ ಮೊದಲೇ ಮಾತಾಡಿಕೊಂಡು.

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ನಾವು ಹಾಸನದವರು ಚಿಕ್ಕಂದಿನಿಂದ ಹೋಗಿಬರುತ್ತೇವೆ. ಅಲ್ಲಿನ ಮದನಿಕೆಯರಲ್ಲಿ ಕೆಲವು ವಿಗ್ರಹಗಳ ಮೇಲೆ ಕೆತ್ತಿದವರ ಹೆಸರೇ ಇದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಅಪ್ಪನ ಕೈ ಯಾವುದು, ಮಗನ ಕೈ ಯಾವುದು ಅಂತ ಇವತ್ತು ನಾವು ನಿಂತು ಹೋಲಿಸಬಹುದು. ಅದನ್ನು ನೋಡಿ ಬಂದ ಮೇಲೆ ಮೊದಲ ದಿನದ ಪಟ್ಟಿಯ ಮೂಲೆಯಲ್ಲಿ ಹೆಸರಿನ ಮೊದಲ ಅಕ್ಷರ, ತಾರೀಖು ಹೊಲಿಸತೊಡಗಿದೆ. ಪಟ್ಟಿ ನನ್ನ ಹತ್ತಿರ ಇರುತ್ತದೆ. ಆರನೇ ವಾರ ಇನ್ನೊಂದು ಪಟ್ಟಿ, ಮತ್ತೆ 12 ಕುಚ್ಚು. ಎರಡನ್ನೂ ಅವರ ಮುಂದೆ ಇಡುತ್ತೇನೆ. ಪಕ್ಕದವರ ಪಟ್ಟಿಯನ್ನು ಆವತ್ತು ಯಾರೂ ನೋಡುವುದಿಲ್ಲ. ತಮ್ಮದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಈ ಸಲದ ಬ್ಯಾಚಿನಲ್ಲಿ ಒಬ್ಬಳಿಗೆ ಮಾತ್ರ ಯಾವ ಮೇಜೂ ಹೊಂದುತ್ತಿಲ್ಲ. ಕೈ ತುಂಬಾ ಚೆನ್ನಾಗಿದೆ, ಗಂಟು ಬಿಗಿಯಾಗಿದೆ. ಕಟ್ಟಿದ್ದನ್ನು ಮಾತ್ರ ಬಿಚ್ಚುತ್ತಲೇ ಇರುತ್ತಾಳೆ. "ಇದು ಸರಿಯಿಲ್ಲ ಮೇಡಂ" ಅನ್ನುತ್ತಾಳೆ. ಮೊದಲ ದಿನದ ಪಟ್ಟಿಯಲ್ಲಿ ಉಳಿದದ್ದು ನಾಲ್ಕೇ ಕುಚ್ಚು. ನಾನು ಅದನ್ನು ನಿಧಾನದ ಕೈ ಅಂದುಕೊಂಡಿದ್ದೆ. ಬಿಚ್ಚುವುದನ್ನು ನೋಡಿದ ಮೇಲೆ ಅವಳಿಗೆ ಬೇರೆ ಪಟ್ಟಿ ಕೊಟ್ಟಿದ್ದೇನೆ. ಗಂಟು ಹಾಕಿದ ತಕ್ಷಣ ಒಂದು ಹನಿ ಅಂಟು ಹಚ್ಚಬೇಕು, ಆಮೇಲೆ ಬಿಚ್ಚಲು ಬರುವುದಿಲ್ಲ. ನಿನ್ನೆ ಒಂಬತ್ತು ಕಟ್ಟಿದಳು. ಆರನೆಯದು ಸ್ವಲ್ಪ ಓರೆಯಾಗಿತ್ತು. ಅದರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದಳು, ಆಮೇಲೆ ಏಳನೆಯದಕ್ಕೆ ದಾರ ಎಣಿಸಲು ಶುರುಮಾಡಿದಳು.