ಒಂದೊಂದು ರಾಡ್‌ಗೂ ಒಂದು ಶೇಂಗಾ ಬೀಜ

ಬೋರ್ ಕೊರೆಸುವ ರಾತ್ರಿಯ ಬಗ್ಗೆ ಒಂದು ಸಣ್ಣಕಥೆ ಬರೆದೆ. ನಾಲ್ಕು ಸಲ ತಿದ್ದಿ ಬರೆದ ಮೇಲೆ ಅದು ಕೈಗೆ ಹತ್ತಿತು. ಕಥೆಯ ಆಶಯ ಮೊದಲಿಂದಲೂ ಗೊತ್ತಿತ್ತು: ಒಬ್ಬ ರೈತನಿಗೆ ‘ಸಾಕು’ ಅನ್ನೋ ಮಾತು ಬಾಯಿಗೆ ಬರುವುದಿಲ್ಲ. ಆದರೆ ಮೊದಲ ಸಲ ಅದನ್ನೆಲ್ಲ ಮಗನ ಬಾಯಲ್ಲಿ ಭಾಷಣದ ಹಾಗೆ ಹೇಳಿಸಿಬಿಟ್ಟಿದ್ದೆ. ಓದಿದ ಗೆಳೆಯ, “ಮಗ ಹೇಳೋದು ಸರಿ, ಆದ್ರೆ ಹೊಟ್ಟೆಗೆ ಇಳೀಲಿಲ್ಲ” ಎಂದ.

ಆಗ ಕಥೆ ನಡೆಯುತ್ತಿದ್ದದ್ದು ಚಿತ್ರದುರ್ಗದಲ್ಲಿ. ಅಪ್ಪ, ಮಗ ಏಳು ಸುತ್ತಿನ ಕೋಟೆ ಹತ್ತುತ್ತಾ ಫೇಲಾದ ಬೋರಿನ ಬಗ್ಗೆ ಮಾತಾಡುತ್ತಿದ್ದರು. ಕೋಟೆ ಅಂದರೆ ನಮಗೆಲ್ಲ ಪ್ರೀತಿ ಅಲ್ವಾ? ಓಬವ್ವನ ಕಿಂಡಿಯನ್ನೂ ತಂದಿದ್ದೆ. ಆದರೆ ಆ ಕಲ್ಲಿಗೂ ಅಪ್ಪನ ಸಾಲಕ್ಕೂ ಏನೂ ಸಂಬಂಧ ಇರಲಿಲ್ಲ.

ಕಥೆಯನ್ನು ಎತ್ತಿ ಚಳ್ಳಕೆರೆ ಕಡೆಯ ನಮ್ಮ ಶೇಂಗಾ ಹೊಲಕ್ಕೆ ತಂದೆ. ಬೋರ್ ಲಾರಿ ನಿಂತ ಜಾಗಕ್ಕೇ. ಅಲ್ಲಿ ಹಂದರ ತಾನಾಗಿಯೇ ಸಿಕ್ಕಿತು. ಕೊರೆಯೋಕೆ ಒಂದಕ್ಕೊಂದು ಜೋಡಿಸಿ ಇಳಿಸುವ ಕೊಳವೆಗೆ ರಾಡ್ ಅಂತಾರೆ. ಒಂದು ರಾಡ್ ಅಂದರೆ 20 ಅಡಿ. ಅದು ಇಳಿದ ಮೇಲೆ ಇನ್ನೊಂದು ಹಾಕಬೇಕೋ ಬೇಡವೋ ಅಂತ ಹೇಳಬೇಕಾದವನು ಹೊಲದ ಯಜಮಾನ. ಆಳಕ್ಕೆ ಹೋದಷ್ಟೂ ಅಡಿಗೆ ರೇಟು ಜಾಸ್ತಿ. ಇಷ್ಟು ಇಳಿಸಿ ಈಗ ನಿಲ್ಲಿಸಿದರೆ ಹಾಕಿದ್ದೆಲ್ಲ ಹೋಯಿತು ಅನ್ನೋ ಸಂಕಟ ಬೇರೆ. ಬಿಳಿ ಧೂಳು ಮೇಲೆದ್ದಾಗಲೆಲ್ಲ ಅಪ್ಪ ಒಂದು ಹಿಡಿ ತಗೊಂಡು ಹಿಸುಕಿ ನೋಡುತ್ತಾನೆ. ಒಣಗಿದೆ. “ಇನ್ನೊಂದು ಹಾಕ್ರಿ” ಅನ್ನುತ್ತಾನೆ. ಮಗನ ಭಾಷಣ ಹೊಡೆದುಹಾಕಿದೆ. ಅದರ ಕೆಲಸವನ್ನು ರಾಡುಗಳೇ ಮಾಡುತ್ತಿದ್ದವು.

ಪಾತ್ರಗಳಲ್ಲೂ ಒಬ್ಬನನ್ನು ತೆಗೆಯಬೇಕಾಯಿತು, ಬಡ್ಡಿ ಸಾಲ ಕೊಟ್ಟವನನ್ನು. ಅವನಿದ್ದರೆ ತಪ್ಪೆಲ್ಲ ಅವನ ತಲೆಗೆ ಹೋಗುತ್ತಿತ್ತು. ಅಪ್ಪನ ಒಳಗಿನ ಜಗ್ಗಾಟ ಕಾಣುತ್ತಲೇ ಇರಲಿಲ್ಲ. ಅವನ ಜಾಗದಲ್ಲಿ ಅವ್ವನನ್ನು ಕೂರಿಸಿದೆ. ಅವಳು ಲಾಟೀನಿನ ಬೆಳಕಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಾಳೆ. ಒಂದು ರಾಡ್ ಇಳಿದರೆ ಒಂದು ಬೀಜ ಪಕ್ಕಕ್ಕಿಡುತ್ತಾಳೆ. ಮಾತಿಲ್ಲ.

ಕೊನೆ ಮಾತ್ರ ತುಂಬಾ ಕಾಡಿತು. 2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಆ ಅಣೆಕಟ್ಟು ಇರುವ ಮಾರಿಕಣಿವೆಗೆ ಜನ ಜಾತ್ರೆಗೆ ಹೋದ ಹಾಗೆ ಹೋದರು. ನಾನೂ ಹೋಗಿ ನೋಡಿದೆ, ಕಣ್ಣು ತುಂಬಿ ಬಂತು. ಮನೆಗೆ ಬಂದವನೇ ಕಥೆಯಲ್ಲೂ ನೀರು ಉಕ್ಕಿಸಿದೆ. ಬೆಳಿಗ್ಗೆ ಓದಿದಾಗ ತಪ್ಪು ಗೊತ್ತಾಯಿತು. ನೀರು ಬಂದರೆ ಅಪ್ಪನ ಹಟವೇ ಸರಿ ಅಂತಾಗುತ್ತದೆ, ಆಶಯ ಅಲ್ಲೇ ಮುರಿಯುತ್ತದೆ. ಆ ಪುಟ ಹರಿದೆ. ಈಗ ಕೊನೆಯಲ್ಲಿ ಅವ್ವ ಎಣಿಸಿಟ್ಟ 41 ಬೀಜಗಳನ್ನು ಬಾಚಿ ಬಿತ್ತನೆ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಾಳೆ. ಅಪ್ಪ ಆ ಗಂಟನ್ನು ನೋಡುತ್ತಾ ನಿಲ್ಲುತ್ತಾನೆ.

ಮುಗಿಸಿದ ಮೇಲೆ ನಮ್ಮವ್ವನಿಗೆ ಓದಿ ಹೇಳಿದೆ. ಸುಮ್ನೆ ಕೇಳಿದಳು. ಸ್ವಲ್ಪ ಹೊತ್ತಾದ ಮೇಲೆ, “ನಮ್ದು ಮೂವತ್ತೆಂಟಕ್ಕೇ ನಿಂತಿತ್ತಪ್ಪ” ಅಂದಳು.