ನಾಳೆ ದುಡ್ಡು ಕಟ್ಟದಿದ್ದರೂ ನನ್ನ ಕೋಡ್ ತೆರೆಯಬೇಕು

ದಾವಣಗೆರೆಯ ಒಂದು ಕಾಲೇಜಿನ ಕಚೇರಿಯಲ್ಲಿ ನನ್ನ ಕೆಲಸ. ಹಗಲು ಫೀಸು, ಸಂಬಳದ ಬಿಲ್ಲು, ಆಡಿಟ್ ಕಾಗದ. ರಾತ್ರಿ ಊಟವಾದ ಮೇಲೆ ಎರಡು ಗಂಟೆ ಪ್ರೋಗ್ರಾಮಿಂಗ್. ಅದರಿಂದ ನನಗೆ ಒಂದು ರೂಪಾಯಿಯೂ ಬರುವುದಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ, ತರುವ ಒಂದು ಪ್ರೋಗ್ರಾಮನ್ನು ಬಹಳ ವರ್ಷಗಳಿಂದ ಬರೆಯುತ್ತಾ, ತಿದ್ದುತ್ತಾ ಬಂದಿದ್ದೇನೆ. ಕೇಳಿದವರಿಗೆಲ್ಲ ಸುಮ್ನೆ ಕೊಡುತ್ತೇನೆ.

ನನ್ನ ಹಾಗೆ ಹವ್ಯಾಸಕ್ಕೆ ಕೋಡ್ ಬರೆಯುವ ಹುಡುಗರು ಆಗಾಗ ಕೇಳುತ್ತಾರೆ: "ಯಾವ ಸಾಫ್ಟ್‌ವೇರ್ ತಗೊಳ್ಳಲಿ ಸಾರ್? ಅಷ್ಟು ದುಡ್ಡು ಎಲ್ಲಿಂದ ತರೋದು?" ನಾನು ಸರಿದಾರಿಗೆ ಬರುವುದಕ್ಕೆ ಸುಮಾರು ವರ್ಷ ಹಿಡಿಯಿತು. ಆ ಕಥೆ ಹೇಳಿದರೆ ಅವರಿಗೆ ಸ್ವಲ್ಪ ದುಡ್ಡು, ಸ್ವಲ್ಪ ಕಾಲ ಉಳಿಯಬಹುದು ಅನ್ನಿಸಿತು.

ನಾನು ಶುರು ಮಾಡಿದ್ದು ಕಳ್ಳ ಸಿಡಿಯಿಂದ. 2003ರಲ್ಲಿ ಬೆಂಗಳೂರಿಗೆ ಹೋದಾಗ ನೂರು ರೂಪಾಯಿಗೆ ಡೆಲ್ಫಿ 7 ತಂದೆ. ಪ್ಯಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರ್ ಅದು. ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರಿನಲ್ಲಿ ಹೆಸರು, ಒಳಗೆ ಒಂದು ಚೀಟಿಯಲ್ಲಿ ಸೀರಿಯಲ್ ನಂಬರ್. ಆಗ ನಮ್ಮ ಸುತ್ತ ಎಲ್ಲರೂ ಮಾಡುತ್ತಿದ್ದದ್ದು ಹಾಗೇ. ಕಾಲೇಜುಗಳಲ್ಲಿ ಟರ್ಬೋ ಸಿ ಕೂಡ ಕೈಯಿಂದ ಕೈಗೆ ಓಡಾಡುತ್ತಿತ್ತು. ತಪ್ಪು ಅಂತ ಗೊತ್ತಿತ್ತು. ಆದರೆ ಅದರ ಭಾರ ತಿಳಿದದ್ದು 2009ರಲ್ಲಿ.

ಆ ವರ್ಷದ ಆಗಸ್ಟ್‌ನಲ್ಲಿ ಇಂಡಕ್ ಅನ್ನುವ ವೈರಸ್ ಸುದ್ದಿಯಾಯಿತು. ಅದು ಕಂಪ್ಯೂಟರಿನಲ್ಲಿ ಡೆಲ್ಫಿ ಇದೆಯೇ ಎಂದು ಹುಡುಕುತ್ತಿತ್ತು. 4ರಿಂದ 7ರವರೆಗಿನ ಯಾವುದೇ ವರ್ಷನ್ ಸಿಕ್ಕರೆ ಅದರ ಸಿಸ್‌ಕಾನ್‌ಸ್ಟ್ ಎಂಬ ಒಂದು ಸಣ್ಣ ಫೈಲನ್ನು ಬದಲಿಸಿಬಿಡುತ್ತಿತ್ತು. ಆಮೇಲೆ ಆ ಯಂತ್ರದಲ್ಲಿ ಕಂಪೈಲ್ ಮಾಡಿದ, ಅಂದರೆ ಕೋಡಿನಿಂದ ಓಡುವ ರೂಪಕ್ಕೆ ತಂದ, ಪ್ರತಿಯೊಂದು ಪ್ರೋಗ್ರಾಮಿನಲ್ಲೂ ವೈರಸ್ ತಾನೇ ಸೇರಿಕೊಳ್ಳುತ್ತಿತ್ತು. ನಮ್ಮ ಕೋಡಿನಲ್ಲಿ ಒಂದಕ್ಷರ ತಪ್ಪಿಲ್ಲ, ಆದರೂ ನಾವು ಕೊಟ್ಟದ್ದು ರೋಗ. ನನ್ನ ಯಂತ್ರಕ್ಕೂ ಅದು ಬಂದಿತ್ತು. ನಾನು ಪ್ರೋಗ್ರಾಮ್ ಕೊಟ್ಟಿದ್ದ ಇಬ್ಬರು ಸ್ನೇಹಿತರ ಆಂಟಿವೈರಸ್ ಕೂಗಿಕೊಂಡಾಗಲೇ ನನಗೆ ಗೊತ್ತಾದದ್ದು.

ದುಡ್ಡು ಕೊಟ್ಟು ಕೊಂಡವರ ಡೆಲ್ಫಿಗೂ ಆ ವೈರಸ್ ಬಂದಿತ್ತು ನಿಜ. ಆದರೆ ಅವರ ಹತ್ತಿರ ಒರಿಜಿನಲ್ ಸಿಡಿ ಇತ್ತು. ಹಾಳಾದ ಫೈಲ್ ತೆಗೆದು ಒಳ್ಳೆಯದನ್ನು ಹಾಕಿಕೊಂಡರೆ ಮುಗಿಯಿತು. ನನ್ನ ಸಿಡಿಯಲ್ಲಿರುವುದು ಶುದ್ಧವೋ ಅಲ್ಲವೋ ಎಂದು ನಾನು ಯಾರನ್ನು ಕೇಳಲಿ? ಆ ಇಬ್ಬರ ಮನೆಗೂ ಹೋಗಿ ಕ್ಷಮೆ ಕೇಳಿ ಪ್ರೋಗ್ರಾಮ್ ಅಳಿಸಿ ಬಂದೆ. ಅದೇ ವಾರ ಸಿಡಿಯನ್ನೂ ಎಸೆದೆ.

ಕಾನೂನನ್ನು ಆಮೇಲೆ ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಇದನ್ನೇ ಹೇಳುತ್ತದೆ. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಜೈಲು ಬಿಟ್ಟು 50,000ದವರೆಗಿನ ದಂಡ ಮಾತ್ರ ಹಾಕಬಹುದು. ಹವ್ಯಾಸ ಅಂದ ಮಾತ್ರಕ್ಕೆ ತಪ್ಪು ತಪ್ಪಲ್ಲ ಅಂತ ಆಗುವುದಿಲ್ಲ.

ಆಗ ನನ್ನ ಮುಂದೆ ಇನ್ನೊಂದು ತೊಡಕೂ ಇತ್ತು. ಡೆಲ್ಫಿ 7ರಲ್ಲಿ ನುಡಿಯ ಹಳೆಯ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಯಾಕಂದ್ರೆ ಅದು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಕನ್ನಡದ ಚಿತ್ರ. ಫಾಂಟ್ ತೆಗೆದರೆ ಕೊಂಬು, ಬಾಲ ಬಂದ ಇಂಗ್ಲಿಷ್ ಅಕ್ಷರಗಳ ಸಾಲು. ಅದೇ ಕಿಟಕಿಯಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ವಿಂಡೋಸ್‌ನ ಹಳೆಯ ಅಕ್ಷರಪಟ್ಟಿಗಳ (ಕೋಡ್ ಪೇಜ್) ಪದ್ಧತಿಯಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಡೆಲ್ಫಿ ಪೂರ್ತಿ ಯೂನಿಕೋಡ್ ಆದದ್ದು "ಡೆಲ್ಫಿ 2009" ಎಂಬ ವರ್ಷನ್‌ನಲ್ಲಿ. ಅದನ್ನು ಕೊಳ್ಳುವುದು ನನ್ನ ಸಂಬಳಕ್ಕೆ ಆಗದ ಮಾತು.

ಹಾಗೆ ನಾನು ಲಾಜರಸ್‌ಗೆ ಬಂದೆ. ಇದು ಫ್ರೀ ಪ್ಯಾಸ್ಕಲ್ ಕಂಪೈಲರ್ ಮೇಲೆ ಕಟ್ಟಿದ, ಡೆಲ್ಫಿಯಂತೆಯೇ ಕಾಣುವ ಸಾಫ್ಟ್‌ವೇರ್. 1999ರಲ್ಲಿ ಶುರುವಾದದ್ದು. 1.0 ಬಂದದ್ದು 2012ರಲ್ಲಿ, ನಾನು ಅದಕ್ಕೂ ಮುಂಚಿನ ವರ್ಷನ್ ಹಿಡಿದೆ. ಆಗಾಗ ಮುಚ್ಚಿಕೊಳ್ಳುತ್ತಿತ್ತು, ಸಹಿಸಿಕೊಂಡೆ. ಮೊದಲ ದಿನ ಒಂದು ಖಾಲಿ ಫಾರ್ಮ್ ಮೇಲೆ ಒಂದು ಲೇಬಲ್ ಇಟ್ಟು "ಕನ್ನಡ" ಎಂದು ಟೈಪ್ ಮಾಡಿದೆ. ಕನ್ನಡ ಅಂತಲೇ ಬಂತು. ಅಷ್ಟು ವರ್ಷ ಪ್ರಶ್ನಾರ್ಥಕ ಚಿಹ್ನೆ ನೋಡಿದ ಕಣ್ಣಿಗೆ ಅದು ಎಷ್ಟು ಖುಷಿ ಕೊಟ್ಟಿತು ಅಂತ ಹೇಳಲಾರೆ. ಮನೆಯವಳನ್ನು ಕರೆದು ತೋರಿಸಿದೆ. "ಕನ್ನಡ ಅಂತ ಇದೆ, ಏನೀಗ?" ಅಂದಳು. ವಿವರಿಸಿದ ಮೇಲೆ ಅವಳೂ ಕೂತು ತನ್ನ ಹೆಸರು ಟೈಪ್ ಮಾಡಿ ನೋಡಿದಳು.

ಪುಕ್ಕಟೆ ಅಂತ ಲೈಸೆನ್ಸ್ ಓದದೆ ಬಿಡಲಿಲ್ಲ. ಒಂದು ಭಾನುವಾರ ಪೂರ್ತಿ ಕೂತು ಓದಿದೆ. ಲಾಜರಸ್ ಜೊತೆ ಬರುವ ಲೈಬ್ರರಿಗಳದ್ದು, ಅಂದರೆ ಸಿದ್ಧ ಕೋಡಿನ ಕಟ್ಟುಗಳದ್ದು, ಸ್ವಲ್ಪ ಸಡಿಲ ಮಾಡಿದ ಎಲ್‌ಜಿಪಿಎಲ್ ಎಂಬ ಲೈಸೆನ್ಸ್. ಅವುಗಳನ್ನು ನನ್ನ ಪ್ರೋಗ್ರಾಮಿಗೆ ಸೇರಿಸಿಕೊಂಡರೂ ನನ್ನ ಸೋರ್ಸ್ ಕೋಡ್ (ನಾನು ಬರೆದ ಮೂಲ ಕೋಡ್) ಕೊಡಲೇಬೇಕು ಅಂತಿಲ್ಲ. ಬರೀ ಜಿಪಿಎಲ್ ಎಂಬ ಲೈಸೆನ್ಸ್ ಇರುವ ಲೈಬ್ರರಿ ಸೇರಿಸಿ ಪ್ರೋಗ್ರಾಮನ್ನು ಹಂಚಿದರೆ ಸೋರ್ಸ್ ಕೋಡನ್ನೂ ಕೊಡಬೇಕಾಗುತ್ತದೆ. ಎರಡೂ ಪುಕ್ಕಟೆಯೇ, ಆದರೆ ಕೇಳುವುದು ಬೇರೆ ಬೇರೆ. ನಾನು ಹೇಗಿದ್ದರೂ ಕೋಡ್ ಕೊಡುವವನೇ. ಆದರೂ ಏನು ಒಪ್ಪಿಕೊಳ್ಳುತ್ತಿದ್ದೇನೆ ಎಂದು ತಿಳಿದು ಒಪ್ಪಿಕೊಳ್ಳಬೇಕು ಅಲ್ವಾ?

ದುಡ್ಡು ಕೊಟ್ಟು ಕೊಂಡ ಮೊದಲ ವಸ್ತುವಿನಲ್ಲಿ ಪೆಟ್ಟು ತಿಂದೆ. 2014ರಲ್ಲಿ ಪ್ರಿಂಟಿಂಗ್ ಕೆಲಸಕ್ಕೆ ಅಂತ ಪರದೇಶದ ಒಬ್ಬರಿಂದ ಒಂದು ಕಾಂಪೊನೆಂಟ್, ಅಂದರೆ ಪ್ರೋಗ್ರಾಮಿಗೆ ಜೋಡಿಸುವ ಸಿದ್ಧ ತುಂಡು, ತಗೊಂಡೆ. ಸೋರ್ಸ್ ಕೋಡ್ ಬೇಡವಾದರೆ 49 ಡಾಲರ್, ಬೇಕಾದರೆ 99. ನಾನು ಐವತ್ತು ಡಾಲರ್ ಉಳಿಸಿದೆ. ಎರಡು ವರ್ಷದಲ್ಲಿ ಕಂಪೈಲರಿನ ಹೊಸ ವರ್ಷನ್ ಬಂತು. ಪ್ಯಾಸ್ಕಲ್‌ನಲ್ಲಿ ಒಂದು ವರ್ಷನ್‌ನಲ್ಲಿ ಕಂಪೈಲ್ ಆದ ಯೂನಿಟ್ (ಕೋಡಿನ ಒಂದು ಭಾಗ) ಇನ್ನೊಂದರಲ್ಲಿ ಕೂರುವುದಿಲ್ಲ, ಸೋರ್ಸ್‌ನಿಂದ ಮತ್ತೆ ಕಂಪೈಲ್ ಆಗಬೇಕು. ಮಾರಿದವರಿಗೆ ಮೇಲ್ ಹಾಕಿದೆ. ಉತ್ತರವಿಲ್ಲ. ಸ್ವಲ್ಪ ದಿನಕ್ಕೆ ಅವರ ಅಂಗಡಿಯೇ ಇರಲಿಲ್ಲ. ಪ್ರಿಂಟಿಂಗ್ ಭಾಗವನ್ನು ಮೊದಲಿಂದ ಬರೆಯಲು ಆರು ವಾರ ಹಿಡಿಯಿತು.

ಅಂದಿನಿಂದ ಏನೇ ಕೊಳ್ಳುವ ಮುಂಚೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾಳೆ ನಾನು ದುಡ್ಡು ಕಟ್ಟದಿದ್ದರೆ, ಅಥವಾ ಮಾರಿದವರು ಅಂಗಡಿ ಮುಚ್ಚಿದರೆ, ನಾನು ಬರೆದದ್ದು ನನಗೆ ತೆರೆಯುತ್ತದೆಯೇ? ಅದರಲ್ಲಿ ಏನೇನು ಸೌಲಭ್ಯ ಇದೆ ಅನ್ನೋದು ಆಮೇಲೆ.

ಈ ಪ್ರಶ್ನೆ ಹಿಡಿದು ನೋಡಿದರೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ಕಾಣುತ್ತದೆ. 2018ರ ಜುಲೈಯಲ್ಲಿ ಡೆಲ್ಫಿಯ ಕಮ್ಯುನಿಟಿ ಎಡಿಷನ್ ಪುಕ್ಕಟೆಯಾಗಿ ಬಂತು. ವರ್ಷಕ್ಕೆ 5,000 ಡಾಲರಿನವರೆಗೆ ಆದಾಯ ಇರುವವರು ಬಳಸಬಹುದು. ತುಂಬಾ ಸಂತೋಷವಾಯಿತು, ಹಾಕಿಕೊಂಡೆ, ಆಂಡ್ರಾಯ್ಡ್ ಫೋನಿಗೆ ಒಂದು ಸಣ್ಣ ಆಪ್ ಮಾಡಿ ಕಲಿತೆ. ಆದರೆ ಅದರ ಲೈಸೆನ್ಸ್ ಒಂದು ವರ್ಷದ್ದು, ಆಮೇಲೆ ಮತ್ತೆ ಪಡೆಯಬೇಕು. ಕಲಿಯಲು ಅದು ಬಹಳ ಒಳ್ಳೆಯದು. ಇಪ್ಪತ್ತು ವರ್ಷ ಉಳಿಯಬೇಕಾದ ನನ್ನ ಪರಿವರ್ತಕವನ್ನು ಮಾತ್ರ ಲಾಜರಸ್‌ನಲ್ಲೇ ಬಿಟ್ಟೆ. ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೊ ಕಮ್ಯುನಿಟಿಯೂ ಪುಕ್ಕಟೆ, 2014ರಿಂದ ಇದೆ. ಒಬ್ಬಂಟಿಯಾಗಿ ಕೋಡ್ ಬರೆಯುವವರು ಪುಕ್ಕಟೆ ಆಪ್ ಆದರೂ ಮಾಡಬಹುದು, ಮಾರುವ ಆಪ್ ಆದರೂ ಮಾಡಬಹುದು. ಸಿ ಶಾರ್ಪ್ ಭಾಷೆ ಕಲಿಯುವ ಹುಡುಗರಿಗೆ ಅದನ್ನೇ ಹೇಳುತ್ತೇನೆ.

ಪರಿವರ್ತಕವನ್ನು ಬ್ರೌಸರಿನಲ್ಲೂ ಓಡುವ ಹಾಗೆ ಮಾಡೋಣ ಅಂತ 2019ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಕೈ ಹಾಕಿದೆ. ಆಗ ಅದನ್ನು ಬರೆಯುವ ವೆಬ್‌ಸ್ಟಾರ್ಮ್ ಎಂಬ ಸಾಫ್ಟ್‌ವೇರ್‌ಗೆ ಒಂದು ವರ್ಷದ ಚಂದಾ ಕಟ್ಟಿದೆ. ವೆಬ್‌ಸ್ಟಾರ್ಮ್ ಮಾಡುವ ಜೆಟ್‌ಬ್ರೇನ್ಸ್ ಕಂಪನಿ 2015ರಲ್ಲಿ ಚಂದಾ ಪದ್ಧತಿ ತರಲು ಹೊರಟಾಗ ಬಳಸುವವರು ಗಟ್ಟಿಯಾಗಿ ವಿರೋಧಿಸಿದ್ದರು. ಅದರ ಫಲವಾಗಿ ಒಂದು ಒಳ್ಳೆಯ ನಿಯಮ ಬಂತು. ಪೂರ್ತಿ ಹನ್ನೆರಡು ತಿಂಗಳು ಕಟ್ಟಿದರೆ, ಆಮೇಲೆ ನಿಲ್ಲಿಸಿದರೂ ಒಂದು ವರ್ಷನ್ ನಮಗೆ ಶಾಶ್ವತ. ಆದರೆ ಅದು ನಿಲ್ಲಿಸಿದ ದಿನದ ವರ್ಷನ್ ಅಲ್ಲ, ಆ ವರ್ಷದ ಚಂದಾ ಶುರುವಾದ ದಿನ ಇದ್ದ ವರ್ಷನ್. ಹಾಗಾಗಿ ಚಂದಾ ಕಟ್ಟುವುದಾದರೆ ದೊಡ್ಡ ಹೊಸ ವರ್ಷನ್ ಬಂದ ಮೇಲೆ ಕಟ್ಟಿ, ಅದಕ್ಕೆ ಮುಂಚೆ ಬೇಡ. ನಾನು ಹಾಗೆ ಕಾದು ಕಟ್ಟಿದ್ದೆ. 2020ರಲ್ಲಿ ನಿಲ್ಲಿಸಿದೆ, ಆ ವರ್ಷನ್ ಈಗಲೂ ತೆರೆಯುತ್ತದೆ. 2024ರ ಅಕ್ಟೋಬರಿನಿಂದ ವೆಬ್‌ಸ್ಟಾರ್ಮ್, ಅದೇ ಕಂಪನಿಯ ರೈಡರ್ ಎರಡೂ ವ್ಯಾಪಾರಕ್ಕಲ್ಲದ ಬಳಕೆಗೆ ಪುಕ್ಕಟೆ. ಅದಕ್ಕೆ ಬದಲಾಗಿ, ನಾವು ಹೇಗೆ ಬಳಸುತ್ತೇವೆ ಎಂಬ ಮಾಹಿತಿ ಹೆಸರಿಲ್ಲದೆ ಅವರಿಗೆ ಹೋಗುತ್ತದೆ, ಅದನ್ನು ನಿಲ್ಲಿಸಲು ಆಗುವುದಿಲ್ಲ. ನನಗೆ ಅದು ಒಪ್ಪಿಗೆ. ನಿಮಗೆ ಒಪ್ಪಿಗೆಯೋ ಅಲ್ಲವೋ ನೀವೇ ನೋಡಿಕೊಳ್ಳಬೇಕು.

ಇನ್ನು ದುಡ್ಡಿನ ಲೆಕ್ಕ. ಇದು ನನ್ನ ಹೊಟ್ಟೆಪಾಡಿನ ಕೆಲಸ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 99 ಡಾಲರಿನ ಒಂದು ಸಾಫ್ಟ್‌ವೇರ್ ಅಂದುಕೊಳ್ಳಿ. ಡಾಲರಿಗೆ 84 ರೂಪಾಯಿ ಹಿಡಿದರೆ 8,316. ಮಾರುವವರು 18% ಜಿಎಸ್‌ಟಿ ಸೇರಿಸಿದರೆ 9,813. ಪರದೇಶದ ವ್ಯವಹಾರ ಅಂತ ಕಾರ್ಡಿನವರು 3.5% ಹಾಕಿದರೆ ಇನ್ನೂ 343. ಆ 343ರ ಮೇಲೆ ಮತ್ತೆ ಜಿಎಸ್‌ಟಿ, 62. ಎಂಟು ಸಾವಿರದ ಮುನ್ನೂರು ಅಂದುಕೊಂಡದ್ದು ಹತ್ತು ಸಾವಿರದ ಇನ್ನೂರು ದಾಟಿತು. ಬೆಲೆ ನೋಡಿದ ಕೂಡಲೇ ಅದರ ಕಾಲು ಭಾಗ ಸೇರಿಸಿ ಯೋಚಿಸುವುದು ನನಗೆ ರೂಢಿಯಾಗಿದೆ.

ಕಾರ್ಡಿನಲ್ಲೂ ಒಂದು ಮಾತಿದೆ. 2020ರಿಂದ ಹೊಸ ಕಾರ್ಡುಗಳಲ್ಲಿ ಪರದೇಶದ ವ್ಯವಹಾರ ಮೊದಲಿಗೆ ಬಂದ್ ಇರುತ್ತದೆ, ನಾವೇ ಆನ್ ಮಾಡಬೇಕು. ನಾನು ಕೊಳ್ಳುವ ದಿನ ಆನ್ ಮಾಡಿ, ರಸೀದಿ ಬಂದ ಮೇಲೆ ಆಫ್ ಮಾಡುತ್ತೇನೆ. 2021ರ ಅಕ್ಟೋಬರಿನಲ್ಲಿ ಆಟೋ ಡೆಬಿಟ್ ನಿಯಮ ಬಿಗಿಯಾದಾಗ ಎಷ್ಟೋ ಜನರ ಚಂದಾ ತಾನಾಗಿ ಹೋಗುವುದು ನಿಂತಿತು. ಕಿರಿಕಿರಿ ನಿಜ. ಆದರೂ ನಮ್ಮಂಥವರಿಗೆ ಆ ನಿಯಮ ಒಳ್ಳೆಯದೇ ಅನ್ನುತ್ತೇನೆ. ದುಡ್ಡು ಹೋಗುವ 24 ಗಂಟೆ ಮುಂಚೆ ಸಂದೇಶ ಬರಬೇಕು. ಮರೆತ ಚಂದಾ ಒಂದು ನಿಲ್ಲಿಸಲು ನನಗೆ ಆ ಸಂದೇಶವೇ ನೆನಪು ಮಾಡಿದ್ದು.

ದುಡ್ಡು ಕೂಡಿಸುವುದಕ್ಕೆ ಅಡುಗೆಮನೆಯ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇದೆ. ತಿಂಗಳಿಗೆ 300 ರೂಪಾಯಿ ಅದಕ್ಕೆ. ವರ್ಷಕ್ಕೆ 3,600. ಅದರಲ್ಲಿ ಆಗುವುದಿದ್ದರೆ ಸರಿ, ಆಗದಿದ್ದರೆ ಮುಂದಿನ ವರ್ಷ. ನವೆಂಬರ್ ಕೊನೆಯಲ್ಲಿ ಬಹಳ ಕಡೆ ಬೆಲೆ ಇಳಿಸುತ್ತಾರೆ, ಅದಕ್ಕೆ ಕಾಯುತ್ತೇನೆ.

ಮಗಳು ಎಂಜಿನಿಯರಿಂಗ್ ಸೇರಿದಾಗ ವಿದ್ಯಾರ್ಥಿಗಳಿಗೆ ಸಿಗುವ ಲೈಸೆನ್ಸ್‌ಗಳು ಅವಳಿಗೆ ಬಂದವು. "ಅಪ್ಪಾ, ನನ್ನದೇ ಹಾಕ್ಕೊಳಿ, ಯಾರಿಗೆ ಗೊತ್ತಾಗುತ್ತೆ?" ಅಂದಳು. ಪ್ರೀತಿಯಿಂದಲೇ ಅಂದದ್ದು. ಬೇಡ ಪುಟ್ಟಾ ಅಂದೆ. ಅದು ಓದುವವರಿಗೆ ಅಂತ ಕೊಟ್ಟದ್ದು. 2009ರಲ್ಲಿ ಸ್ನೇಹಿತರ ಮನೆ ಬಾಗಿಲಲ್ಲಿ ನಿಂತದ್ದನ್ನು ಅವತ್ತು ಅವಳಿಗೆ ಮೊದಲ ಸಲ ಹೇಳಿದೆ.

ಪ್ರೋಗ್ರಾಮ್ ಬರೆಯುವ ಖರ್ಚಿಗಿಂತ ಅದನ್ನು ಹಂಚುವ ಖರ್ಚು ದೊಡ್ಡದು ಅನ್ನೋದನ್ನು ಯಾರೂ ಮುಂಚೆ ಹೇಳುವುದಿಲ್ಲ. ಗೂಗಲ್ ಪ್ಲೇನಲ್ಲಿ ಆಪ್ ಹಾಕಲು ಒಂದೇ ಸಲ 25 ಡಾಲರ್. ಆಪಲ್‌ನಲ್ಲಿ ಪ್ರತಿ ವರ್ಷ 99 ಡಾಲರ್, ಕಟ್ಟದಿದ್ದರೆ ಆಪ್ ಅಂಗಡಿಯಿಂದ ಇಳಿಯುತ್ತದೆ. ನನ್ನ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು, ಐಫೋನಿನವರಿಗೆ ಬ್ರೌಸರ್ ಪ್ರತಿ ಕೊಟ್ಟೆ. ವಿಂಡೋಸ್‌ನಲ್ಲಿ, ಬರೆದವರು ಯಾರೆಂದು ತೋರಿಸುವ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಮ್ ತೆರೆದರೆ ನೀಲಿ ಎಚ್ಚರಿಕೆ ಬರುತ್ತದೆ. ಸಹಿ ಹಾಕುವ ಸರ್ಟಿಫಿಕೇಟಿಗೆ ವರ್ಷ ವರ್ಷ ಡಾಲರ್ ಕಟ್ಟಬೇಕು, 2023ರಿಂದ ಅದರ ಗುಪ್ತ ಡಿಜಿಟಲ್ ಕೀಲಿಯನ್ನು ಹಾರ್ಡ್‌ವೇರ್‌ನಲ್ಲೇ ಇಡಬೇಕು. ಬಾಟಲಿಯ ದುಡ್ಡಿಗೆ ಅದು ಎಟುಕಲಿಲ್ಲ. ಬಳಸುವವರಿಗೆ ಒಂದು ಪುಟದ ವಿವರಣೆ ಬರೆದು ಕೊಡುತ್ತೇನೆ.

ಕಳೆದ ವರ್ಷ ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರು ಒಂದು ಪೆನ್ ಡ್ರೈವ್ ತಂದರು. ಇಪ್ಪತ್ತು ವರ್ಷ ಅವರು ಬರೆದ ಊರ ಇತಿಹಾಸ, ಎಲ್ಲ ನುಡಿಯಲ್ಲಿ. ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಯಾವಾಗಲೂ ಕಾಡುತ್ತದೆ. ಹಳೆಯ ಫೈಲಿನಲ್ಲಿ "ಸೂರ್ಯ" ಎಂಬ ಪದದಲ್ಲಿ ಅರ್ಕಾವತ್ತು ಯಕಾರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ರಕಾರ ಯಕಾರಕ್ಕಿಂತ ಮೊದಲು ಬರಬೇಕು. ಅದರ ಜೊತೆಗೆ ಕಣ್ಣಿಗೆ ಒಂದೇ ಕಾಣುವ "ಯ" ಫೈಲಿನೊಳಗೆ ನಾಲ್ಕು ತುಂಡು. ನಾಲ್ಕನ್ನೂ ದಾಟಿ ರಕಾರವನ್ನು ಎತ್ತಿ ಮೊದಲಿಗೆ ಇಡಬೇಕು. ಬಟನ್ ಒತ್ತಿದೆ. ಮೇಷ್ಟ್ರು ಕನ್ನಡಕ ಏರಿಸಿ ಪರದೆಗೆ ಬಾಗಿ "ಸೂರ್ಯೋದಯಕ್ಕೆ ಮುಂಚೆ" ಎಂದು ಓದಿದರು.

"ಇದಕ್ಕೆಲ್ಲ ಎಷ್ಟು ಖರ್ಚಾಯ್ತಪ್ಪಾ ನಿಂಗೆ?"

"ಜಾಸ್ತಿ ಏನಿಲ್ಲ ಮೇಷ್ಟ್ರೇ. ಎಲ್ಲಕ್ಕೂ ರಸೀದಿ ಇದೆ."

ಅವರ ಹನ್ನೊಂದು ಫೈಲ್ ಇನ್ನೂ ಬಾಕಿ ಇವೆ. ಅವು ನುಡಿಯವಲ್ಲ, ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದವು. ಅದಕ್ಕೆ ಅಕ್ಷರಗಳ ಬೇರೆ ಪಟ್ಟಿ ಬೇಕು. ಇವತ್ತು ರಾತ್ರಿ ಸ್ವರಗಳಿಂದ ಶುರು ಮಾಡಬೇಕು.