ಮೆತ್ತನೆ ಪ್ಲಾಸ್ಟಿಕ್ ಸೈನಿಕರ ಮೇಲೆ ಬಣ್ಣ ನಿಲ್ಲಿಸಿದ್ದು: ನನ್ನ ಅನುಭವ

ನಿಜಕ್ಕಿಂತ 72 ಪಟ್ಟು ಚಿಕ್ಕವರಾದ, ಅಂದರೆ 1/72 ಅಳತೆಯ ಮೆತ್ತನೆ ಪ್ಲಾಸ್ಟಿಕ್ ಸೈನಿಕರ ಮೇಲೆ ಬಣ್ಣ ನಿಲ್ಲುವುದಿಲ್ಲ, ಅವರ ರುಂಡ ಮುಂಡ ಬದಲಿಸಿ ಅಂಟಿಸಲಂತೂ ಆಗುವುದೇ ಇಲ್ಲ ಎಂದು ಮೇಜಿನ ಮೇಲೆ ಆಟಿಕೆ ಸೈನ್ಯ ನಿಲ್ಲಿಸಿ ಹಳೆಯ ಯುದ್ಧಗಳನ್ನು ಆಡುವ ಗೆಳೆಯರೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದರು. "ದುಡ್ಡು ಉಳಿಸೋಕೆ ಹೋಗಿ ಎರಡೆರಡು ಸಲ ಖರ್ಚು ಮಾಡ್ತೀಯ, ಸುಮ್ನೆ ಲೋಹದ್ದು ತಗೋ" ಎಂದವರೇ ಹೆಚ್ಚು. ಈಗ ನನ್ನ ವಾರ್ಸಾ ಡಚಿಯ (ನೆಪೋಲಿಯನ್ ಕಟ್ಟಿದ ಪೋಲಿಷ್ ರಾಜ್ಯ) ಸೈನ್ಯ, ಹೆಚ್ಚು ಕಡಿಮೆ 350 ಕಾಲಾಳುಗಳು, ಎರಡು ವರ್ಷಕ್ಕೂ ಮಿಕ್ಕಿ ಆಟದಲ್ಲಿದೆ. ಎಲ್ಲರೂ ಮೆತ್ತನೆ ಪ್ಲಾಸ್ಟಿಕ್ಕಿನವರೇ, ಎಲ್ಲರೂ ಫ್ರೆಂಚ್ ಪೆಟ್ಟಿಗೆಯಿಂದ ಎದ್ದು ಪೋಲಿಷ್ ಟೋಪಿ ಹಾಕಿಕೊಂಡವರೇ. ಯಾರದಾದರೂ ಬಂದೂಕಿನ ತುದಿಯ ಬಯೊನೆಟ್ಟನ್ನು ಬೆರಳಿನಿಂದ ಪೂರ್ತಿ ಬಗ್ಗಿಸಿ ಬಿಡಿ, ಒಂದು ಚಕ್ಕೆಯೂ ಏಳುವುದಿಲ್ಲ. ಅನುಮಾನಪಟ್ಟವರ ಕೈಗೇ ಕೊಟ್ಟು ಬಗ್ಗಿಸಲು ಹೇಳಿದ್ದೇನೆ. ಅವರಲ್ಲಿ ಇಬ್ಬರು ಈಗ ನನ್ನ ದಾರಿಗೇ ಬಂದಿದ್ದಾರೆ.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಇದೆಲ್ಲ ಶುರುವಾದದ್ದೇ ಅಲ್ಲಿಂದ. ಮೆತ್ತನೆ ಪ್ಲಾಸ್ಟಿಕ್ಕಿನ ಒಂದು ಪೆಟ್ಟಿಗೆಯಲ್ಲಿ 40ರಿಂದ 50 ಜನ ಸಿಗುತ್ತಾರೆ. ಅದೇ ಬೆಲೆಗೆ 28 ಮಿಲಿಮೀಟರ್ ಎತ್ತರದ ಲೋಹದವರು ನಾಲ್ಕೈದು ಜನ ಬಂದರೆ ದೊಡ್ಡದು. ನಾನು ಒಂದು ಬೆಟಾಲಿಯನ್ನಿಗೆ 24 ಜನರನ್ನು ಇಡುತ್ತೇನೆ. ಡಚಿಯ ಪದಾತಿ ರೆಜಿಮೆಂಟಿಗೆ ಮೂರು ಬೆಟಾಲಿಯನ್, ಅಂದರೆ ಒಂದು ರೆಜಿಮೆಂಟಿಗೇ 72 ಜನ ಬೇಕು. ಲೋಹದಲ್ಲಿ ಹೊರಟರೆ ಮೊದಲ ರೆಜಿಮೆಂಟ್ ಮುಗಿಯುವ ಹೊತ್ತಿಗೆ ಜೇಬು ಖಾಲಿ. ನನಗೆ ಬೇಕಿದ್ದದ್ದು 1812ರಲ್ಲಿ ಪೋಲಿಷ್ ಸೇನಾಪತಿ ಪೊನಿಯಾಟೋವ್‌ಸ್ಕಿ ನೆಪೋಲಿಯನ್ ಜೊತೆ ರಷ್ಯಾಕ್ಕೆ ಕರೆದೊಯ್ದ ಐದನೇ ಕೋರ್ (ದೊಡ್ಡ ಸೇನಾ ವಿಭಾಗ). ಬೊರೊಡಿನೊ ಕದನದಲ್ಲಿ ಉಟಿಟ್ಸಾ ಹಳ್ಳಿಯ ಕಡೆಯ ಕಾಡಂಚಿನಲ್ಲಿ ಹೋರಾಡಿದ ಪಡೆ ಅದು. ಅದನ್ನು ಮೇಜಿನ ಮೇಲೆ ಒಂದು ಸಾಲು ನಿಲ್ಲಿಸಿ ಇದೇ ಕೋರ್ ಅಂದುಕೊಳ್ಳಿ ಎನ್ನುವುದು ನನಗೆ ಒಗ್ಗುವುದಿಲ್ಲ. ಜನ ತುಂಬಿರಬೇಕು.

ಏರ್‌ಫಿಕ್ಸ್ ಎಂಬ ಬ್ರಿಟಿಷ್ ಕಂಪನಿ 1959ರಲ್ಲಿ ಈ ಅಳತೆಯ ಮೊದಲ ಪೆಟ್ಟಿಗೆ ತಂದಾಗಿನಿಂದಲೂ ದೂರು ಒಂದೇ: ಬಣ್ಣ ಉದುರುತ್ತದೆ. ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಎಥಿಲೀನ್, ಅದಕ್ಕೆ ಏನೂ ಸುಲಭಕ್ಕೆ ಅಂಟುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ನಾನೂ ಎಲ್ಲರಂತೆ ಎನಾಮಲ್‌ನಿಂದ ಶುರು ಮಾಡಿದೆ. ನೋಡಲು ಬಹಳ ಚೆಂದ, ಗಟ್ಟಿಯಾಗಿ ಒಣಗುತ್ತದೆ, ಆದರೆ ಆ ಗಟ್ಟಿತನವೇ ಅದಕ್ಕೆ ಶತ್ರು. ಒಳಗಿನ ಪ್ಲಾಸ್ಟಿಕ್ ಬಾಗುತ್ತದೆ, ಮೇಲಿನ ಬಣ್ಣ ಬಾಗುವುದಿಲ್ಲ. ಮೊದಲು ಹೋಗುವುದು ಬಯೊನೆಟ್, ಆಮೇಲೆ ಕಣಕಾಲು, ಆಮೇಲೆ ಬಂದೂಕು ಹಿಡಿದ ಮೊಣಕೈ. ಮುಂದೆ ಸ್ಪ್ರೇ ಪ್ರೈಮರ್ ನೋಡಿದೆ. ಕೆಲವು ಪೆಟ್ಟಿಗೆಯವರ ಮೇಲೆ ಚೆನ್ನಾಗಿ ಕೂತಿತು, ಇನ್ನು ಕೆಲವರ ಮೇಲೆ ವಾರಗಟ್ಟಲೆ ಅಂಟಂಟಾಗಿ ಉಳಿದು ಧೂಳನ್ನೆಲ್ಲ ಹಿಡಿಯಿತು. ಎಲ್ಲ ತಯಾರಕರೂ ಒಂದೇ ಪ್ಲಾಸ್ಟಿಕ್ ಬಳಸುವುದಿಲ್ಲ, ಆದ್ದರಿಂದ ಒಬ್ಬರ ಅನುಭವ ಇನ್ನೊಬ್ಬರಿಗೆ ಹೊಂದುವುದಿಲ್ಲ. ವಿನಿಗರ್‌ನಲ್ಲಿ ರಾತ್ರಿಯಿಡೀ ನೆನೆಹಾಕುವ ಸಲಹೆಯನ್ನೂ ಪಾಲಿಸಿ ನೋಡಿದೆ. ನೀರಲ್ಲಿ ಹೋಮ ಮಾಡಿದಂತಾಯಿತು. ಈ ಸುತ್ತಿನಲ್ಲಿ ಬಣ್ಣ, ಸ್ಪ್ರೇ ಡಬ್ಬಿ ಸೇರಿ ಹೋದ ದುಡ್ಡಿನಲ್ಲಿ ಏಳೆಂಟು ಪೆಟ್ಟಿಗೆ ಸೈನಿಕರನ್ನು ತರಬಹುದಿತ್ತು.

ಕೊನೆಗೆ ಕೈ ಹಿಡಿದದ್ದು ಮರಗೆಲಸದ ಬಿಳಿ ಪಿವಿಎ ಅಂಟು. ಪಿವಿಎ ಬಳಿಯುವುದು ಹೊಸ ವಿಷಯವಲ್ಲ, ಎಷ್ಟೋ ಜನ ಮಾಡುತ್ತಾರೆ, ಮಾಡಿ ಬೈಯುತ್ತಾರೆ. ಅವರು ಅದನ್ನು ಬ್ರಶ್ಶಿನಲ್ಲಿ ಮುಂಭಾಗಕ್ಕೆ, ಬೆನ್ನಿಗೆ ಹಚ್ಚಿ ಬಿಡುತ್ತಾರೆ. ಪಿವಿಎ ಕೂಡ ಈ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ ಎನ್ನುವುದನ್ನು ಮೊದಲು ಒಪ್ಪಿಕೊಳ್ಳಬೇಕು. ಅದು ನಿಲ್ಲುವುದು ಸುತ್ತಿಕೊಳ್ಳುವುದರಿಂದ. ಒಣಗುವಾಗ ಕುಗ್ಗಿ, ಕೈಗವಸಿನ ಹಾಗೆ ಮೈಗೆ ಬಿಗಿಯಾಗಿ ಕೂರುತ್ತದೆ. ಎಲ್ಲಿಯೂ ಅಂಚು ಇರಬಾರದು. ಅಂಚು ಇದ್ದರೆ ಉಗುರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಹಾಗಾಗಿ ನಾನು ಬಳಿಯುವುದಿಲ್ಲ, ಮುಳುಗಿಸುತ್ತೇನೆ. ಕಾಲಡಿಯ ತಟ್ಟೆಯ ತಳವೂ ಸೇರಿ ಇಡೀ ಮನುಷ್ಯ ಒಂದೇ ಚರ್ಮದೊಳಗೆ ಹೋಗಬೇಕು.

ಮುಳುಗಿಸುವ ಮೊದಲು ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಶ್, ಚೆನ್ನಾಗಿ ಉಜ್ಜಿ ತೊಳೆಯುವುದು. ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಹೋಗಲೇಬೇಕು. ತೊಳೆದ ಮೇಲೆ ಬೆರಳು ತಾಗಿಸಬೇಡಿ, ಕಾಲಡಿಯ ತಟ್ಟೆಯನ್ನು ಇಕ್ಕಳದಿಂದ ಹಿಡಿಯಿರಿ. ಅಂಟು ಎರಡು ಪಾಲಿಗೆ ನೀರು ಒಂದು ಪಾಲು, ಸುಮಾರಾಗಿ. ಬರೀ ಇಷ್ಟಾದರೆ ಬಂದೂಕಿನ ಕೆಳಗೆ, ಕಂಕುಳಲ್ಲಿ ಗುಳ್ಳೆ ನಿಲ್ಲುತ್ತದೆ. ಅದಕ್ಕೆ ನಾನು ಇನ್ನೊಂದು ವಸ್ತುವನ್ನು ಹನಿ ಲೆಕ್ಕದಲ್ಲಿ ಸೇರಿಸುತ್ತೇನೆ. ಏನೆಂದು ಹೇಳುವುದಿಲ್ಲ, ಅದು ಬಹಳ ಕಷ್ಟಪಟ್ಟು ಕಂಡುಕೊಂಡದ್ದು. ಹೊರತೆಗೆದು ತಲೆಕೆಳಗಾಗಿ ಒಂದು ನಿಮಿಷ ಹಿಡಿದು, ಬಯೊನೆಟ್ ತುದಿಯಲ್ಲಿ ಕೂಡಿಕೊಂಡ ಹನಿಯನ್ನು ಕಾಗದಕ್ಕೆ ಮುಟ್ಟಿಸಿ ತೆಗೆದು, ತಂತಿಗೆ ನೇತುಹಾಕಿದರಾಯಿತು. ಒಂದು ಇಡೀ ದಿನ ಒಣಗಬೇಕು. ಬೆಳ್ಳಗಿದ್ದದ್ದು ಪಾರದರ್ಶಕವಾದ ಮಾತ್ರಕ್ಕೆ ಒಣಗಿತು ಎಂದುಕೊಂಡು ಅಕ್ರಿಲಿಕ್ ಹಚ್ಚಿದರೆ, ಬಣ್ಣದ ನೀರಿಗೆ ಪಿವಿಎ ಮತ್ತೆ ಕರಗಿ ಬ್ರಶ್ಶಿನ ಜೊತೆ ಎದ್ದು ಬರುತ್ತದೆ. ಮೊದಲ ಪದರ ಬಣ್ಣವನ್ನು ತೆಳ್ಳಗೆ, ಒಂದೇ ಎಳೆತದಲ್ಲಿ ಹಾಕಬೇಕು, ಅದೇ ಜಾಗವನ್ನು ಮತ್ತೆ ಮತ್ತೆ ತಿಕ್ಕಬಾರದು.

ಇನ್ನು ಟೋಪಿಯ ಕೆಲಸ. ನನ್ನ ಬಳಿ ಫ್ರೆಂಚ್ ಪದಾತಿಯ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. 1812ರಲ್ಲಿ ಫ್ರೆಂಚ್ ಸಮವಸ್ತ್ರವನ್ನು ಬದಲಿಸಿದ ಬಾರ್ಡಾಂ ನಿಯಮದ ಅಂಗಿ ಇರುವವರನ್ನೇ ಆರಿಸಿಕೊಂಡೆ. ಅದರ ಎದೆಯ ಮೇಲಿನ ಮಡಿಕೆ, ಅಂದರೆ ಲ್ಯಾಪೆಲ್, ಸೊಂಟದವರೆಗೆ ಮುಚ್ಚಿರುತ್ತದೆ, ಪೋಲಿಷರ ಗಿಡ್ಡ ಅಂಗಿ ಕುರ್ತ್ಕಾ ಕೂಡ ಹಾಗೇ. ಹೊಟ್ಟೆಯ ಮೇಲೆ ಕತ್ತರಿಸಿದಂತೆ ತೆರೆದುಕೊಳ್ಳುವ ಹಳೆಯ ಅಂಗಿಯವರನ್ನು ತೆಗೆದುಕೊಂಡರೆ ಪ್ರತಿಯೊಬ್ಬನ ಹೊಟ್ಟೆಗೂ ಪುಟ್ಟಿ ಮೆತ್ತಬೇಕಾಗುತ್ತದೆ. ಬಾರ್ಡಾಂ ಅಂಗಿಯಲ್ಲಿ ಬದಲಾಗಬೇಕಾದ್ದು ತಲೆ ಮಾತ್ರ: ಫ್ರೆಂಚರ ದುಂಡು ಟೋಪಿ ಶಾಕೋ ಹೋಗಿ ಪೋಲಿಷರ ಚೌಕ ನೆತ್ತಿಯ ಟೋಪಿ ಚಾಪ್ಕಾ ಬರಬೇಕು.

ತಲೆಯನ್ನೇ ಕತ್ತರಿಸಿ ಬೇರೆ ತಲೆ ಅಂಟಿಸುವುದು ಮೊದಲ ಯೋಚನೆ. ಸೂಪರ್ ಗ್ಲೂ ಈ ಪ್ಲಾಸ್ಟಿಕ್ಕಿನ ಮೇಲೆ ಜಪ್ಪಯ್ಯ ಅಂದರೂ ಹಿಡಿಯುವುದಿಲ್ಲ, ಉಗುರು ತಾಗಿದರೆ ತಲೆ ಟಪ್ಪನೆ ಹಾರುತ್ತದೆ. ಪಾಲಿಎಥಿಲೀನ್‌ಗೆಂದೇ ಬರುವ ಪ್ರೈಮರ್ ಪೆನ್ ಜೊತೆಗೆ ಹಚ್ಚಿದರೆ ಹಿಡಿಯುತ್ತದೆ, ನಿಜ, ಆದರೆ 350 ಕುತ್ತಿಗೆಗಳಿಗೆ ಆ ಪೆನ್ನುಗಳ ಖರ್ಚು ಸೈನಿಕರ ಬೆಲೆಯನ್ನೂ ಮೀರುತ್ತದೆ. ಕಾದ ಸೂಜಿಯಿಂದ ಕರಗಿಸಿ ಬೆಸೆಯುವುದನ್ನೂ ಮಾಡಿ ನೋಡಿದೆ. ಕತ್ತಿನ ಸುತ್ತ ಗಂಟುಗಂಟು, ಮೇಲಿಂದ ಹೊಗೆ ಬೇರೆ. ಕಿಟಕಿ ತೆರೆಯದೆ ಆ ಕೆಲಸ ಮಾಡಬೇಡಿ.

ಆಗ ತಲೆಯನ್ನು ಬಿಟ್ಟು ಟೋಪಿಯನ್ನಷ್ಟೇ ಕತ್ತರಿಸಲು ಶುರು ಮಾಡಿದೆ. ಹೊಸ ಬ್ಲೇಡಿನಿಂದ ಶಾಕೋದ ಮೇಲಿನ ಮೂರನೇ ಎರಡು ಭಾಗ ತೆಗೆದು, ಕೆಳಗಿನ ಪಟ್ಟಿ ಮತ್ತು ಮುಂದಿನ ತುಟಿಯನ್ನು ಉಳಿಸಿಕೊಳ್ಳುವುದು. ಪಿನ್ ವೈಸ್ ಎಂಬ ಪುಟ್ಟ ಕೈಡ್ರಿಲ್‌ನಿಂದ ನೆತ್ತಿಗೆ ಅರ್ಧ ಮಿಲಿಮೀಟರ್ ತೂತು. ಹಿತ್ತಾಳೆ ತಂತಿಯ ತುಂಡನ್ನು ತೂತಿಗೆ ಬಿಗಿಯಾಗಿ ತುರುಕಿ, ಎರಡು ಮಿಲಿಮೀಟರಿನಷ್ಟು ಹೊರಗೆ ಬಿಡುವುದು. ಇಲ್ಲಿ ಹಿಡಿತ ಅಂಟಿನದಲ್ಲ, ತಂತಿಯದು. ತಂತಿಯನ್ನು ಇಕ್ಕಳದಿಂದ ಸ್ವಲ್ಪ ಜಜ್ಜಿ ಒರಟು ಮಾಡಿದರೆ ಪುಟ್ಟಿ ಜಾರುವುದಿಲ್ಲ. ಅದರ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಗ್ರೀನ್ ಸ್ಟಫ್ (ನೀಲಿ, ಹಳದಿ ಎರಡು ಭಾಗ ಕಲಸುವ ಪುಟ್ಟಿ) ಉಂಡೆ ಕೂರಿಸಿ, ಒದ್ದೆ ಮಾಡಿದ ಉಪಕರಣದಿಂದ ನಡು ಸಣ್ಣಗಾಗುವಂತೆ ಒತ್ತುವುದು. ಚೌಕ ನೆತ್ತಿಯನ್ನು ಅಲ್ಲೇ ಮಾಡಲು ಹೋದರೆ ಒಬ್ಬನಿಗೊಂದು ಆಕಾರ. ಅದಕ್ಕೆ ಪುಟ್ಟಿಯನ್ನು ವ್ಯಾಸಲೀನ್ ಸವರಿದ ಗಾಜಿನ ಮೇಲೆ ತೆಳ್ಳಗೆ ಲಟ್ಟಿಸಿ, ರಾತ್ರಿ ಗಟ್ಟಿಯಾಗಲು ಬಿಟ್ಟು, ಬೆಳಿಗ್ಗೆ ಮೂರೂವರೆ ಮಿಲಿಮೀಟರಿನ ಚೌಕಗಳಾಗಿ ಕತ್ತರಿಸುತ್ತೇನೆ. ಒಂದು ಹಾಳೆಯಿಂದ ಒಂದು ಬೆಟಾಲಿಯನ್‌ಗೆ ಸಾಕಾಗುತ್ತದೆ. ಪುಟ್ಟಿಗೆ ಪುಟ್ಟಿ, ಅಲ್ಲಿ ಸೂಪರ್ ಗ್ಲೂ ಒಂದು ಚುಕ್ಕೆ ಸಾಕು. ಚೌಕದ ಮೂಲೆಗಳು ಇಡೀ ಸಾಲಿನಲ್ಲಿ ಒಂದೇ ದಿಕ್ಕಿಗೆ ತಿರುಗಿರಲಿ. ಒಬ್ಬನದು ಓರೆಯಾದರೂ ಮೇಜಿನ ಆ ತುದಿಯಿಂದ ಕಣ್ಣಿಗೆ ಹೊಡೆಯುತ್ತದೆ.

ಮಿಲಿಪುಟ್ ಎಂಬ ಇನ್ನೊಂದು ಪುಟ್ಟಿ ಯಾಕೆ ಬೇಡ ಎಂದು ಕೇಳುವವರಿಗೆ: ಮಿಲಿಪುಟ್ ಅಂಚು ತೀಕ್ಷ್ಣವಾಗಿ ಬರುತ್ತದೆ, ಮರಳುಕಾಗದದಲ್ಲಿ ಉಜ್ಜಬಹುದು, ಗಟ್ಟಿ ಪ್ಲಾಸ್ಟಿಕ್ಕಿಗೆ ಮತ್ತು ಲೋಹಕ್ಕೆ ನಾನು ಈಗಲೂ ಅದನ್ನೇ ಬಳಸುತ್ತೇನೆ. ಆದರೆ ಬಾಗುವ ಮೈಯ ಮೇಲೆ ಅದು ಎನಾಮಲ್ ಬಣ್ಣದ್ದೇ ಕಥೆ, ಸೀಳು ಬಿಡುತ್ತದೆ. ಗ್ರೀನ್ ಸ್ಟಫ್ ಗಟ್ಟಿಯಾದ ಮೇಲೂ ತುಸು ಬಾಗುತ್ತದೆ. ಅಂಟು, ಪುಟ್ಟಿ, ಬಣ್ಣ, ವಾರ್ನಿಷ್, ಎಲ್ಲವೂ ಬಾಗುವಂಥದ್ದೇ ಇರಬೇಕು. ನನ್ನ ವಿಧಾನವೆಲ್ಲ ಇದರ ಮೇಲೆಯೇ ನಿಂತಿದೆ. ಪಟ್ಟಿಯ ರೂಪದ ಗ್ರೀನ್ ಸ್ಟಫ್ ತಂದರೆ ನೀಲಿ ಹಳದಿ ಕೂಡುವ ನಡುವಿನ ಗೆರೆಯನ್ನು ಕತ್ತರಿಸಿ ಎಸೆಯಿರಿ, ಅಲ್ಲಿ ಆಗಲೇ ಗಟ್ಟಿಯಾದ ಕಾಳುಗಳಿರುತ್ತವೆ. ಚೌಕಗಳಿಗೆ ನೀಲಿ ಸ್ವಲ್ಪ ಜಾಸ್ತಿ ಹಾಕಿದರೆ ಅಂಚು ನೆಟ್ಟಗೆ ನಿಲ್ಲುತ್ತದೆ.

ಸೊಟ್ಟಗಾದ ಬಂದೂಕುಗಳನ್ನು ಮುಳುಗಿಸುವ ಮೊದಲೇ ಸರಿ ಮಾಡಬೇಕು. ಕುದಿಯುವ ನೀರಲ್ಲಿ ಕೆಲವು ಸೆಕೆಂಡ್, ಇಕ್ಕಳದಿಂದ ನೇರ ಮಾಡಿ ಹಿಡಿದು, ಹಾಗೇ ತಣ್ಣೀರಿಗೆ. ಪಿವಿಎ ಹಾಕಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿದರೆ ಚರ್ಮವೆಲ್ಲ ಬೆಳ್ಳಗಾಗಿ ಸುಲಿದು ಬರುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಅವರವರ ಪದ್ಧತಿ ಇದೆ. ನಾನು ಕಪ್ಪು-ಕಂದು ತಳಬಣ್ಣದಿಂದ ಶುರು ಮಾಡುತ್ತೇನೆ. ಅಂಗಿಯ ಕಡು ನೀಲಿಯನ್ನು ನಿಜಕ್ಕಿಂತ ಎರಡು ಪಟ್ಟು ತಿಳಿಯಾಗಿ ಹಚ್ಚುತ್ತೇನೆ. 24 ಮಿಲಿಮೀಟರ್ ಎತ್ತರದ ಮನುಷ್ಯನ ಮೇಲೆ ನಿಜವಾದ ಕಡು ನೀಲಿ ಕಪ್ಪಾಗಿಯೇ ಕಾಣುತ್ತದೆ. ಬಿಳಿ ಲ್ಯಾಪೆಲ್ ಮತ್ತು ಎದೆಯ ಮೇಲಿನ ಅಡ್ಡ ಬೆಲ್ಟುಗಳಿಗೆ ಮೊದಲು ತಿಳಿ ಬೂದು, ಕಂದು ವಾಶ್ (ನೀರಾಗಿಸಿದ ಬಣ್ಣ) ಒಣಗಿದ ಮೇಲೆ ನಡುವೆ ಮಾತ್ರ ಬಿಳಿ. ಬೆಲ್ಟಿನ ಎರಡೂ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದರೆ ಮೂರು ಅಡಿ ದೂರದಿಂದ ಕೆತ್ತಿದಂತೆ ಕಾಣುತ್ತದೆ. ಕಣ್ಣು ಬರೆಯುವುದಿಲ್ಲ. ಬ್ರಶ್ ಮಾತ್ರ ಒಳ್ಳೆಯದೇ ಇರಲಿ. ವಿನ್ಸರ್ ಅಂಡ್ ನ್ಯೂಟನ್ ಸೀರೀಸ್ 7ರ ಒಂದನೇ ನಂಬರ್ ದುಬಾರಿ, ಆದರೆ ಅದರ ಮೊನೆ ಸೊನ್ನೆ ಸೊನ್ನೆ ನಂಬರಿನ ಅಗ್ಗದ ಬ್ರಶ್ಶಿಗಿಂತ ಚೂಪು, ಮೇಲಾಗಿ ಹೆಚ್ಚು ಬಣ್ಣ ಹಿಡಿಯುತ್ತದೆ. ಕಡುಗೆಂಪು ಕಾಲರಿಗೆ ನಾನು ಮಾಡಿಕೊಂಡ ಮಿಶ್ರಣವನ್ನು ಎಲ್ಲರೂ ಕೇಳುತ್ತಾರೆ. ಅದೂ ನನ್ನ ಹತ್ತಿರವೇ ಇರಲಿ.

ಬಣ್ಣ ಮುಗಿದ ಮೇಲೆ ಇನ್ನೊಂದು ಸಲ ಪಿವಿಎ, ಈ ಬಾರಿ ಇನ್ನೂ ತೆಳ್ಳಗೆ, ಬ್ರಶ್ಶಿನಲ್ಲಿ. ಅದರ ಮೇಲೆ ಬ್ರಶ್ಶಿನಲ್ಲೇ ಹಚ್ಚುವ ಮ್ಯಾಟ್ ಅಕ್ರಿಲಿಕ್ ವಾರ್ನಿಷ್. ಸ್ಪ್ರೇ ಮ್ಯಾಟ್ ವಾರ್ನಿಷ್ ತೇವದ ಹವೆಯಲ್ಲಿ ಮಂಜು ಕವಿದ ಹಾಗೆ ಬಿಳುಪಾಗಿ, ಒಂದು ಪೂರ್ತಿ ಬೆಟಾಲಿಯನ್ ಬೂದಿ ಬಳಿದುಕೊಂಡು ನಿಂತಿತ್ತು. ಅದನ್ನು ಹೊಳಪಿನ ವಾರ್ನಿಷ್ ಒಂದು ಪದರ ಹಾಕಿ ಉಳಿಸಿಕೊಂಡೆ. ಆಮೇಲೆ ಮೈದಾನಕ್ಕೆ ಇಳಿಯುವವರಿಗೆ ಸ್ಪ್ರೇ ಮುಟ್ಟಿಲ್ಲ.

ನಡುವೆ ಹಿಮದ ಹುಚ್ಚು ಹಿಡಿದಿತ್ತು. 1812ರ ರಷ್ಯಾ ದಂಡಯಾತ್ರೆ ಎಂದ ಮೇಲೆ ಕೆಲವು ತಟ್ಟೆಗಳಾದರೂ ಹಿಮದಲ್ಲಿರಬೇಕಲ್ಲ. ಅಡುಗೆ ಸೋಡಾವನ್ನು ಪಿವಿಎ ಜೊತೆ ಕಲಸಿ ಹಾಕಿದ್ದು ಮೊದಲ ತಿಂಗಳು ಅದ್ಭುತವಾಗಿತ್ತು, ವರ್ಷ ಕಳೆಯುವುದರೊಳಗೆ ಹಳದಿಗೆ ತಿರುಗಿತು. ಈಗ ಗಾಜಿನ ಸೂಕ್ಷ್ಮ ಗುಳ್ಳೆಗಳ ಪುಡಿ ಹಾಕಿದ್ದೇನೆ, ಇನ್ನೂ ಬೆಳ್ಳಗಿದೆ. ಮೂಗಿಗೆ ಮಾಸ್ಕ್ ಇಲ್ಲದೆ ಆ ಡಬ್ಬಿ ತೆರೆಯಬೇಡಿ.

ಕುದುರೆಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದೆ, ಅದು ನಿರೀಕ್ಷೆ ಮೀರಿ ಫಲಿಸಿತು. ಅಕ್ರಿಲಿಕ್‌ನಲ್ಲಿ ಕಿತ್ತಳೆ-ಕಂದು ತಳಬಣ್ಣ, ಅದು ಒಣಗಿದ ಮೇಲೆ ಬರ್ನ್ಟ್ ಅಂಬರ್ ಎಂಬ ಕಡು ಕಂದು ಎಣ್ಣೆಬಣ್ಣ ಮೈತುಂಬ ಹಚ್ಚಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಸ್ಪಂಜಿನ ತುಂಡಿನಿಂದ ಒರೆಸುವುದು. ಉಬ್ಬಿದ ಸ್ನಾಯುಗಳ ಮೇಲೆ ತಿಳಿ, ತಗ್ಗಿನಲ್ಲಿ ಕಡು, ತಾನಾಗಿಯೇ ಕೂರುತ್ತದೆ. ಪೊನಿಯಾಟೋವ್‌ಸ್ಕಿಯ ಕುದುರೆಯನ್ನು ನೋಡಿದವರು ಏರ್‌ಬ್ರಶ್ ಎಂದೇ ತಿಳಿದರು. ಎಣ್ಣೆಬಣ್ಣ ಒಣಗಲು ವಾರಗಟ್ಟಲೆ ಬೇಕು, ಅದಕ್ಕೆ ಮೊದಲು ಮೇಲೆ ನೀರಿನ ವಾರ್ನಿಷ್ ಹಾಕಿದರೆ ಮುತ್ತುಮುತ್ತಾಗಿ ಜಾರುತ್ತದೆ.

ಇಷ್ಟಕ್ಕೆಲ್ಲ ಹಿಡಿಯುವ ಸಮಯ, ಟೋಪಿ ಸೇರಿ, ಒಬ್ಬ ಕಾಲಾಳಿಗೆ ಅರ್ಧ ಗಂಟೆ ಆಜುಬಾಜು. ಒಬ್ಬೊಬ್ಬರನ್ನೇ ಮುಗಿಸಲು ಹೋದರೆ ಅದು ಗಂಟೆ ದಾಟುತ್ತದೆ, ಆದ್ದರಿಂದ 24 ಜನ ಒಟ್ಟಿಗೆ. ಖರ್ಚು, ಹಾಳಾದ ಡಬ್ಬಿಗಳೆಲ್ಲ ಸೇರಿಯೂ, ಲೋಹದ ಸೈನ್ಯದ ಐದನೇ ಒಂದು ಭಾಗ ದಾಟಿಲ್ಲ.

ಈಗ ಕೈಯಲ್ಲಿರುವುದು ಉಲಾನ್ ಎಂಬ ಈಟಿ ಸವಾರರು. ಅಚ್ಚಿನಲ್ಲೇ ಬಂದ ಈಟಿಗಳು ಜೋತುಬೀಳುತ್ತವೆ, ಎಲ್ಲವನ್ನೂ ಕತ್ತರಿಸಿ ಸ್ಟೀಲ್ ತಂತಿ ಹಾಕುತ್ತಿದ್ದೇನೆ. ಮುಷ್ಟಿಗೆ ಕಾದ ಸೂಜಿಯಿಂದ ತೂತು ಮಾಡಿ, ಬಿಸಿ ಆರುವ ಮೊದಲೇ ತಂತಿ ತೂರಿಸಿದರೆ ಪ್ಲಾಸ್ಟಿಕ್ ಅದನ್ನು ತಾನೇ ಕಚ್ಚಿಕೊಳ್ಳುತ್ತದೆ. ಕೆಂಪು-ಬಿಳಿ ಪತಾಕೆಯನ್ನು ತೆಳು ಕಾಗದದಲ್ಲಿ ಮಾಡಿ ಪಿವಿಎ ನೆನೆಸಿ ಅಲೆಯಂತೆ ಮಡಿಸುತ್ತೇನೆ. ತಂತಿಗೆ ಮಾತ್ರ ಮುಷ್ಟಿಗೆ ಸೇರಿಸುವ ಮೊದಲೇ ಲೋಹದ ಪ್ರೈಮರ್ ಹಾಕಿರಬೇಕು, ಮುಳುಗಿಸುವುದು ಆಮೇಲೆ. ಪಿವಿಎ ನೇರವಾಗಿ ನುಣ್ಣನೆ ಸ್ಟೀಲಿನ ಮೇಲೆ ಬಿದ್ದರೆ ಎರಡನೇ ಆಟದಲ್ಲೇ ಕೊಳವೆಯಂತೆ ಕಳಚಿ ಬರುತ್ತದೆ.